ಆರಾಮ ಎಂಬ ಅರ್ಥ

ಚರ್ಚಾ ಸ್ಪರ್ಧೆಗಾಗಿ ನಾನು ದಿನಾ ಕಠಿಣ ಇಂಗ್ಲಿಷ್ ಶಬ್ದಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಸಂಜೆಯಾದರೆ ಅಪ್ಪ ಕೆಣಕುತ್ತಿದ್ದ: "ಏನ್ರಿ ವಕೀಲರ, ಇವತ್ತ ಯಾವ ಶಬ್ದ ನುಂಗೀರಿ? ಅರ್ಥಾನೂ ಹೇಳ್ರಿ." ಅರ್ಥ ಹೇಳುವವರೆಗೆ ಬಿಡುತ್ತಿರಲಿಲ್ಲ. ಹೇಳಿದರೆ, "ಇಷ್ಟಕ್ಕ ಅಷ್ಟುದ್ದ ಶಬ್ದ ಯಾಕ?" ಎಂದು ವಾದಕ್ಕಿಳಿಯುತ್ತಿದ್ದ.

ಹೋದ ವರ್ಷ ಅಪ್ಪನ ಕ್ಯಾನ್ಸರ್ ಮೈಯೆಲ್ಲ ಹಬ್ಬಿತು. ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನ ಪ್ಯಾಲಿಯೇಟಿವ್ ಕೇರ್ ಅಷ್ಟರಿ" ಎಂದರು. ನಾನು ಕಲಿತಿದ್ದ ಶಬ್ದವೇ ಅದು: ರೋಗವನ್ನು ವಾಸಿಮಾಡದೆ ನೋವನ್ನಷ್ಟೇ ತಗ್ಗಿಸುವುದು.

"ಏನಂದ್ರು?" ಅವ್ವ ನನ್ನ ರಟ್ಟೆ ಹಿಡಿದಳು.

"ಅಪ್ಪಗ ಆರಾಮ ಕೊಡೂದಷ್ಟ ನೋಡ್ತಾರಂತವ್ವ."

ನಮ್ಮ ಕಡೆ ನೋವಿಲ್ಲದಿರುವುದೂ ಆರಾಮ, ರೋಗ ಗುಣವಾಗುವುದೂ ಆರಾಮವೇ. ಅವ್ವ ಡಾಕ್ಟರಿಗೆ ಕೈಮುಗಿದಳು. ಬಾಗೇವಾಡಿಯಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿ, "ನಿಮ್ಮಪ್ಪಗ ಆರಾಮ ಆಗ್ತೈತಂತ!" ಎಂದಳು. ಎಲ್ಲರ ಮಾತನ್ನೂ ತಡೆದು ತಿದ್ದುವ ನನಗೆ ಆ ಒಂದು ವಾಕ್ಯವನ್ನು ತಿದ್ದಲು ಬಾಯಿ ಬರಲಿಲ್ಲ.

ಹಾಸಿಗೆಯ ಮೇಲಿಂದ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಭಾಳ ಉದ್ದ ಶಬ್ದ ಐತಲ್ರಿ, ವಕೀಲರ" ಎಂದ.

ಅರ್ಥ ಮಾತ್ರ ಕೇಳಲಿಲ್ಲ.