ಉಂಗುರದ ದೀಪದಲ್ಲಿ ಮೂರು ಬೆರಳು ಜಾಗ

ನನ್ನ ಕೆಲಸ ಏನೆಂದು ಮನೆಯವರಿಗೆ ಇವತ್ತಿಗೂ ಸರಿಯಾಗಿ ಹೇಳಲು ಆಗಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ದೀಪ ತಯಾರಿಸುವ ಒಂದು ಸಣ್ಣ ಕಂಪನಿ. ದೀಪ ಮಾಡುವ ಮೊದಲು ಅದನ್ನು ಕಂಪ್ಯೂಟರಿನಲ್ಲಿ ಉರಿಸಿ ನೋಡುವವಳು ನಾನು. ಕೊಳವೆಯಾಗಲಿ, ಬಟ್ಟಲಾಗಲಿ, ಉಂಗುರವಾಗಲಿ, ಮೊದಲು ಆ ಆಕಾರ ಬರೆಯಬೇಕು. ಆಮೇಲೆ ಇದರ ಮೈಯಿಂದ ಬೆಳಕು ಹೊರಡಲಿ ಎಂದು ಸಾಫ್ಟ್‌ವೇರಿಗೆ ಹೇಳಬೇಕು. ಅದು ಲಕ್ಷಗಟ್ಟಲೆ ಕಿರಣ ಬಿಟ್ಟು, ಯಾವುದು ಎಲ್ಲಿ ಬಿತ್ತೆಂದು ನೋಡಿ ಒಂದು ಬಣ್ಣದ ಚಿತ್ರ ಕೊಡುತ್ತದೆ. ಬೆಳಕು ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿ ಬಂದವಳೆಂಬ ಜಂಬವೂ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯವರು ತಪಾಸಣೆ ಟೇಬಲಿಗೆ ದೀಪ ಕೇಳಿದರು. ಎರಕ ಹೊಯ್ದ ಕಬ್ಬಿಣದ ತುಂಡುಗಳಲ್ಲಿ ಬಿರುಕಿದೆಯೇ ಎಂದು ನೋಡುವ ಟೇಬಲು ಅದು. ಅಲ್ಲಿ ಕೂರುತ್ತಿದ್ದವರು ನಿವೃತ್ತಿಯ ಹತ್ತಿರ ಬಂದಿದ್ದ ಒಬ್ಬ ಹಿರಿಯರು. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿಯಲ್ಲೇ. ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಮೇಲೆ ಸುಣ್ಣದ ಪುಡಿ ಸವರಿ ಕಾಯುತ್ತಿದ್ದರು. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಒಸರಿ, ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಅವರು ಪಾಸು ಮಾಡಿದ ತುಂಡು ವಾಪಸ್ ಬಂದದ್ದಿಲ್ಲ ಎಂದು ಮಾಲೀಕರೇ ಹೇಳುತ್ತಿದ್ದರು.

ನಾನು ಉಂಗುರದಂಥ ದೀಪ ಮಾಡಿಕೊಟ್ಟೆ. ಟೇಬಲಿನಿಂದ ಒಂದು ಗೇಣು ಮೇಲೆ ತೂಗುಹಾಕಿದ್ದು. ಚಿತ್ರದಲ್ಲಿ ಸುತ್ತಲೂ ಒಂದೇ ಕೆಂಪು, ನೋಡಿದರೆ ದೃಷ್ಟಿ ತಾಗುವಂತಿತ್ತು.

ಒಂದು ತಿಂಗಳಿಗೆ ಮಾಲೀಕರ ಫೋನ್ ಬಂತು. ಹಿರಿಯರು ಪ್ರತಿ ತುಂಡನ್ನೂ ಎರಡೆರಡು ಸಲ ತಿರುಗಿಸಿ ನೋಡುತ್ತಿದ್ದಾರೆ, ಕೆಲಸ ನಿಧಾನವಾಗುತ್ತಿದೆ. ನಾನು ಲ್ಯಾಪ್‌ಟಾಪ್ ಹಿಡಿದು ಹೋದೆ.

“ಬಲಗಡೆ ಮೂಲೆ ಮಂಕಾಗಿದೆ ಮೇಡಂ,” ಎಂದರು ಅವರು. “ಗೆರೆ ಸರಿಯಾಗಿ ಕಾಣಲ್ಲ. ಅದಕ್ಕೇ ತಿರುಗಿಸ್ತೀನಿ.”

ನಾನು ಟೇಬಲಿನ ಕಡೆ ನೋಡಲೇ ಇಲ್ಲ. ಲ್ಯಾಪ್‌ಟಾಪ್ ತೆರೆದು, ಮಾಲೀಕರೂ ಐದಾರು ಜನ ಕೆಲಸಗಾರರೂ ನಿಂತಿದ್ದ ಹಾಗೆಯೇ ಆ ಕೆಂಪು ಚಿತ್ರ ತೋರಿಸಿದೆ. “ಯಜಮಾನ್ರೇ, ದೀಪ ಸರಿಯಾಗೇ ಇದೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ.”

ಯಾರೋ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸುತ್ತದೆ. ಅವರ ಸ್ಟೂಲಿನ ಮೇಲೆ ಎರಡು ನಿಮಿಷ ಕೂತು ನೋಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮರುವಾರ ಅವರನ್ನು ಟೇಬಲಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರಂತೆ.

ನಾಲ್ಕು ತಿಂಗಳ ಮೇಲೆ ಬೇರೆಯವರಿಂದ ಅದೇ ದೀಪಕ್ಕೆ ಆರ್ಡರ್ ಬಂತು. ನಮ್ಮಲ್ಲಿ ದೀಪ ಜೋಡಿಸುವಾಕೆ ಎಲ್‌ಇಡಿ ಪಟ್ಟಿ ಕೈಯಲ್ಲಿ ಹಿಡಿದು ಬಂದು ಕೇಳಿದಳು: “ಮೇಡಂ, ಈ ಸಲಾನೂ ವೈರಿಗೆ ಮೂರು ಬೆರಳು ಜಾಗ ಬಿಡ್ಲಾ?”

“ಎಲ್ಲಿ ಜಾಗ?”

“ಪಟ್ಟಿಯ ಎರಡು ತುದಿ ಸೇರೋ ಕಡೆ. ಭದ್ರಾವತಿದಕ್ಕೆ ಬಿಟ್ಟಿದ್ವಲ್ಲ.”

ನಾನು ಬರೆದದ್ದು ಪೂರ್ತಿ ಉಂಗುರ, ಮೈಯೆಲ್ಲ ಬೆಳಗುವ ಉಂಗುರ. ನಿಜವಾದ ದೀಪದಲ್ಲಿ ಮೂರು ಬೆರಳು ಅಗಲ ಬೆಳಕೇ ಇರಲಿಲ್ಲ. ಆ ಜಾಗ ಕತ್ತರಿಸಿ ಮತ್ತೆ ಕಿರಣ ಬಿಟ್ಟೆ. ಬಲಗಡೆ ಮೂಲೆಯಲ್ಲಿ ನೀಲಿ ಮೂಡಿತು. ಹಿರಿಯರು ಮಂಕಾಗಿದೆ ಎಂದಿದ್ದ ಅದೇ ಜಾಗ.

ತಕ್ಷಣ ಭದ್ರಾವತಿಗೆ ಓಡಿದೆ ಎಂದು ಬರೆಯುವ ಆಸೆ ಇದೆ. ಓಡಲಿಲ್ಲ. ತುದಿಗಳು ಒಂದರ ಮೇಲೊಂದು ಬರುವ ಹಾಗೆ ಹೊಸ ದೀಪ ಮಾಡಿಸಿ, ಭದ್ರಾವತಿಗೆ ಒಯ್ದು, ಸುಧಾರಿಸಿದ ಮಾಡೆಲ್ ಎಂದು ಬೊಗಳೆ ಬಿಟ್ಟು, ಸದ್ದಿಲ್ಲದೆ ಬದಲಾಯಿಸಿದೆ. ಮಾಲೀಕರು ಕಾಫಿ ಕೊಟ್ಟರು, ಕುಡಿದೆ.

ಹೊರಗೆ ಬರುವಾಗ ಪ್ಯಾಕಿಂಗ್ ಶೆಡ್ಡಿನಲ್ಲಿ ಹಿರಿಯರು ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದರು. ಮೂಗಿನ ಮೇಲೆ ದಪ್ಪ ಫ್ರೇಮಿನ ಕನ್ನಡಕ. ನನ್ನನ್ನು ಕಂಡು ಎದ್ದು ನಿಂತರು.

“ನೀವು ಹೇಳಿದ್ಮೇಲೆ ಮಾಡಿಸ್ಕೊಂಡೆ ಮೇಡಂ. ಡಾಕ್ಟ್ರು ಕಣ್ಣು ಚೆನ್ನಾಗಿದೆ, ಬೇಡ ಅಂದ್ರು. ನಾನೇ ಹಟ ಮಾಡ್ದೆ. ಕಂಪ್ಯೂಟರ್ ಸುಳ್ಳು ಹೇಳತ್ತಾ?”

ಆಗ ಹೇಳಿದೆ. ತೊದಲುತ್ತಾ, ಮೂರು ಬೆರಳು ಎತ್ತಿ ತೋರಿಸುತ್ತಾ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟರು.

“ಹಂಗಾದ್ರೆ ಆ ಮೂಲೆ ಮಂಕಾಗಿತ್ತು.”

“ಇತ್ತು. ನಂದೇ ತಪ್ಪು.”

“ಸಾಹೇಬ್ರಿಗೆ ಹೇಳಿದ್ರಾ?”

ತಿರುಗಿ ಒಳಗೆ ಹೋದೆ. ಅವತ್ತು ನಕ್ಕವರೆಲ್ಲ ಇದ್ದ ಜಾಗದಲ್ಲೇ ನಿಂತು ಮಾಲೀಕರಿಗೆ ಎಲ್ಲ ಹೇಳಿದೆ. ಈ ಸಲ ಯಾರೂ ನಗಲಿಲ್ಲ. “ಈಗ ಸರಿಹೋಯ್ತಲ್ಲ, ಬಿಡಿ ಮೇಡಂ. ಟೇಬಲಿಗೆ ಬೇರೆಯವರು ಸೆಟ್ಟಾಗಿದ್ದಾರೆ,” ಎಂದರು ಮಾಲೀಕರು. ಎಷ್ಟು ಕೇಳಿಕೊಂಡರೂ ಅದೇ ಮಾತು.

ಮತ್ತೆ ಶೆಡ್ಡಿಗೆ ಬಂದು ನಡೆದದ್ದು ತಿಳಿಸಿದೆ. ಅವರು ತಲೆಯಾಡಿಸಿ ಮೊಳೆ ಎತ್ತಿಕೊಂಡರು.

“ಆ ಕನ್ನಡಕನಾದ್ರೂ ತೆಗೆದುಬಿಡಿ ಯಜಮಾನ್ರೇ,” ಎಂದೆ.

ಅವರು ತೆಗೆದರು. ಕೈಯಲ್ಲಿದ್ದ ಮೊಳೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮತ್ತೆ ಕನ್ನಡಕ ಹಾಕಿಕೊಂಡರು.

“ಕಾಣತ್ತೆ ಮೇಡಂ. ಆದ್ರೆ ಇದಿಲ್ದೆ ನೋಡಿದ್ದು ನಿಜ ಅಂತ ಈಗ ನಂಗೇ ನಂಬಿಕೆ ಬರಲ್ಲ.”