ಅವ್ವನ ಪಟಕ್ಕೆ ಉಡಿ ತುಂಬಿದ್ದು

ಮೆಂತ್ಯದ ಸೊಪ್ಪು ಸೋಸುತ್ತಿದ್ದೆ, ಊರಿನಿಂದ ತಮ್ಮನ ಹೆಂಡತಿಯ ಫೋನು ಬಂತು. ಅಲ್ಲಿಯ ಮನೆಯಲ್ಲಿರುವ ಹಳೆಯ ಫೋಟೋಗಳನ್ನೆಲ್ಲ ಕಳಿಸು ಎಂದು ಹೋದ ವಾರ ನಾನೇ ಕೇಳಿದ್ದೆ. ಇಲ್ಲಿ ಪುಣೆಯಲ್ಲಿ, ಮಗರಪಟ್ಟಾದ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಡುತ್ತೇನೆ ಅಂದಿದ್ದಳು.

"ಅಕ್ಕಾರ, ಎಲ್ಲಾ ಸಿಕ್ಕಾವ್ರಿ. ಬಾವಿ ಕಟ್ಟಿದ್ದು, ಎತ್ತಿಂದು, ನಿಮ್ಮ ಮದುವೀದು. ಮದುವೀದಕ್ಕ ಇಲಿ ಬಾಯಿ ಹಾಕೇದ. ನಿಮ್ಮ ಮನಿಯವರ ಮೀಸಿ ಅಷ್ಟ ತಿಂದೇದ್ರಿ," ಎಂದು ನಕ್ಕಳು.

"ಅವ್ವಂದು?"

"ಅದನ್ನ ನೀವ ಹೇಳಿದ್ರೆಲ್ಲರಿ, ಹೊಳಿಗೆ ಬಿಡು ಅಂತ."

ದಸರೆಗೆ ಮನೆ ತೊಳೆಯುವಾಗ ಕೇಳಿದ್ದಳು, ಗಾಜು ಒಡೆದ ಪಟಗಳನ್ನು ಏನು ಮಾಡಲಿ ಎಂದು. ಒಡೆದದ್ದು ಮನೆಯಲ್ಲಿ ಇರಬಾರದು, ಅರಿಷಿಣ ಕುಂಕುಮ ಹಚ್ಚಿ ಹೊಳೆಗೆ ಬಿಡು ಅಂದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ದೇವರ ಪಟಗಳು. ಅವ್ವನ ಫೋಟೋ ದೇವರ ಜಗಲಿಯ ಮೇಲೆ ಅದೇ ಸಾಲಿನಲ್ಲಿತ್ತು; ಅದರ ಗಾಜೂ ಒಡೆದದ್ದು ನನಗೆ ಗೊತ್ತಿರಲಿಲ್ಲ. ಅಲ್ಲಿ ಇಟ್ಟವಳೂ ನಾನೇ.

ಅವ್ವ ಬದುಕಿನಲ್ಲಿ ತೆಗೆಸಿಕೊಂಡದ್ದು ಅದೊಂದೇ ಫೋಟೋ. ರಾಶಿಯ ದಿನ, ಕಣದಲ್ಲಿ, ಕೈಯಲ್ಲಿ ಮೊರ, ಸೆರಗಿನ ತುಂಬ ಜೋಳದ ಹೊಟ್ಟು. "ನನ್ನ ಮಾರಿ ಏನ್ ನೋಡ್ತಿಯೋ, ರಾಶೀದು ತೆಗಿ" ಎಂದು ಫೋಟೋದವನನ್ನು ಬೈದಿದ್ದಳಂತೆ. ಬೈಯುತ್ತಿರುವಾಗಲೇ ಅವನು ತೆಗೆದುಬಿಟ್ಟಿದ್ದ.

"ಹಂಗ ಬಿಟ್ಟಿಲ್ರಿ ಅಕ್ಕಾರ." ಅವಳ ದನಿ ಸಣ್ಣದಾಯಿತು. "ಅತ್ತಿಯವರು ಮುತ್ತೈದಿಯಾಗಿ ಹೋದೋರು. ಹಸಿರು ಖಣದಾಗ ಸುತ್ತಿ, ಅಕ್ಕಿ, ಕೊಬ್ಬರಿ, ಅಡಿಕಿ ಹಾಕಿ ಉಡಿ ತುಂಬಿ ಬಿಟ್ಟೀನ್ರಿ. ನಂದ ತಪ್ಪಾತೇನ್ರಿ?"

"ಇಲ್ಲವ್ವಾ. ಛಲೋ ಮಾಡಿದಿ" ಅಂದೆ. ಕಸಕ್ಕೆ ಹಾಕಲಿಲ್ಲ, ದೇವರ ದಯೆ. ಬರಿ ಉಡಿಯಲ್ಲಿ ಕಳಿಸಲಿಲ್ಲ, ಅದೂ ದಯೆಯೇ. ಇಷ್ಟು ಎಣಿಸಿಕೊಂಡರೂ ಅಳು ತಡೆಯಲಾಗಲಿಲ್ಲ. ನಮ್ಮ ಪುಣೆಯ ಮುಠಾ ಹೊಳೆ ಕೊನೆಗೆ ಭೀಮೆಯನ್ನು ಸೇರಿ ಊರ ಮುಂದೆಯೇ ಹಾಯುತ್ತದೆ. ಇಲ್ಲಿಯ ನೀರು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಇಲ್ಲಿಗೆ ಏನೂ ಬರುವುದಿಲ್ಲ.

ಸಂಜೆ ಮಗಳಿಗೆ ಹೇಳಿದೆ. ಅವಳು ಅಜ್ಜಿಯನ್ನು ಕಂಡವಳಲ್ಲ.

"ಅಳಬ್ಯಾಡ ಮಮ್ಮಿ. ಅಜ್ಜಿ ಹೆಂಗಿದ್ಲು ಹೇಳು, ಬರ್ಕೋತೀನಿ," ಎಂದು ಮೊಬೈಲು ಹಿಡಿದು ಪಕ್ಕದಲ್ಲಿ ಕುಳಿತಳು. "ಮೂಗು ಹೆಂಗಿತ್ತು? ನನ್ನಂಗನ ಮೊಂಡ?"

ಹೇಳಲು ಬಾಯಿ ತೆರೆದೆ. ಅವ್ವನ ದನಿ ನೆನಪಾಯಿತು, ಕೈಯ ಒರಟು ನೆನಪಾಯಿತು. ಮೂಗು ನೆನಪಾಗಲಿಲ್ಲ. ಇಷ್ಟು ವರ್ಷ ಅದನ್ನು ಫೋಟೋದಲ್ಲೇ ನೋಡಿಕೊಳ್ಳುತ್ತಿದ್ದೆನಲ್ಲ.

"ತಡಿ, ಬಂದೆ" ಎಂದು ಎದ್ದು ಹೋಗಿ ರೊಟ್ಟಿಗೆ ಎಸರಿಟ್ಟೆ.