ಜಿಯಾವುಲ್ಲಾನ ಒಂದೇಟಿನ ಕೊಂಡಿ

ಯಶವಂತಪುರದ ಗೂಡ್ಸ್ ಶೆಡ್ಡಿನ ಎದುರಿಗೆ ಕುಲುಮೆ ಇಟ್ಟುಕೊಂಡಿದ್ದ ಜಿಯಾವುಲ್ಲಾನ ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಟೀ ಲೋಟವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಸಿಕ್ಕಿಸಿಕೊಂಡು ಕುಡಿಯುತ್ತಿದ್ದ. ಬೆರಳು ಮುರಿದವರು ಯಾರು ಅಂತ ಯಾರಾದರೂ ಕೇಳಿದರೆ, ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದವನ ಕಡೆಗೆ ಗಡ್ಡ ತಿರುಗಿಸಿ, "ಇವ್ನೇ, ಈ ಕತ್ತೆ" ಅನ್ನುತ್ತಿದ್ದ. ಕತ್ತೆಯೂ ಹೌದೆಂದು ತಲೆಯಾಡಿಸುತ್ತಿತ್ತು. ಈ ಕಥೆ ಜನರ ಬಾಯಲ್ಲಿ ಈಗ ಏನೇನೋ ಆಗಿದೆ. ಲಾರಿ ಹತ್ತಿತು ಅನ್ನುತ್ತಾನೆ ಒಬ್ಬ, ಹೆಣ್ಣಿನ ವಿಷಯ ಅನ್ನುತ್ತಾನೆ ಇನ್ನೊಬ್ಬ. ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಹೆಣ್ಣೂ ಇಲ್ಲ, ಲಾರಿಯೂ ಇಲ್ಲ. ಆಗ ನಾನು ಕುಲುಮೆಯ ಎದುರಿನ ಗೋಡೌನಿನಲ್ಲೇ ಮಾಲು ಹೊರುತ್ತಿದ್ದೆ. ಕಣ್ಣಾರೆ ಕಂಡವನು ನಾನು, ನನ್ನನ್ನು ಕೇಳಿ.

ಜಿಯಾವುಲ್ಲಾ ಸಾಧು ಮನುಷ್ಯನೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೆಬ್ಬಾಳದಲ್ಲಿ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುತ್ತಿದ್ದ ಅವರಪ್ಪ ಅವನನ್ನು ಇಕ್ಕಳದಲ್ಲೇ ಬಡಿದು ಬೆಳೆಸಿದ. ಮೀಸೆ ಮೂಡುವ ಹೊತ್ತಿಗೆ ಮಗ ಅದೇ ಇಕ್ಕಳ ಕಿತ್ತುಕೊಂಡು ಅಪ್ಪನ ಹೆಗಲಿಗೆ ಬಾರಿಸಿ ಮನೆ ಬಿಟ್ಟು ಬಂದ. ಅಲ್ಲಿಂದಾಚೆಗೆ ಅವನಿಗೆ ಕೈ ಮುಂದು, ಮಾತು ಹಿಂದು. ಎಷ್ಟೋ ಸಲ ಮಾತು ಬರುತ್ತಲೇ ಇರಲಿಲ್ಲ. ಲಾರಿ ಡ್ರೈವರನೊಬ್ಬ ಬೆಸುಗೆ ಸೊಟ್ಟಗಿದೆ ಅಂದದ್ದಕ್ಕೆ ಕಾದ ಸರಳನ್ನೇ ಎಸೆದಿದ್ದ. ಡ್ರೈವರನ ತೋಳು ಸುಟ್ಟು ಚರ್ಮ ಸುಲಿಯಿತು. "ನಮ್ಮನೆಯವರು ಊಟಕ್ಕೆ ಕೂತಾಗ ಒಂದೇ ಮಾತು ಆಡ್ತಾರೆ, ಉಪ್ಪು ಅಂತ" ಎಂದು ಅವನ ಹೆಂಡತಿ ಅಕ್ಬರಿ ನಗುತ್ತಿದ್ದಳು. ಅವಳ ಹುಬ್ಬಿನ ಮೇಲೂ ಒಂದು ಹಳೆಯ ಗಾಯದ ಗುರುತಿತ್ತು. ಅದು ಹೇಗಾಯಿತೆಂದು ನಾವು ಯಾರೂ ಕೇಳಲಿಲ್ಲ.

ನಮ್ಮ ಗೋಡೌನಿನಲ್ಲಿ ಇದ್ದದ್ದು ಲಾರಿಯ ಬಿಡಿಭಾಗಗಳು. ಮರದ ರ‍್ಯಾಕುಗಳಿಗೆ ಹಲಗೆಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ಎತ್ತರದ ಮಾಲು ಬಂದರೆ ಹಾರೆ ಹಾಕಿ ಹಲಗೆ ಕೀಳಬೇಕು, ಮೇಲಕ್ಕೆ ಸರಿಸಿ ಮತ್ತೆ ಮೊಳೆ ಹೊಡೆಯಬೇಕು. ಹಮಾಲಿಗಳ ಮೇಸ್ತ್ರಿ ಹತ್ತಿರದ ಸಿಂಗಾಪುರ ಹಳ್ಳಿಯ ದೊಡ್ಡಮುನಿಯಪ್ಪ. ಕಂಬದಂಥ ಆಳು. ತಾಯಿ ಸತ್ತ ಮೇಲೆ ತಮ್ಮ ಪಿಳ್ಳಣ್ಣನನ್ನು ಹೆಗಲ ಮೇಲೆ ಹೊತ್ತು ಸಾಕಿದವನು ಅವನೇ, ಕೆಲಸಕ್ಕೆ ಸೇರಿಸಿದವನೂ ಅವನೇ. ಪಿಳ್ಳಣ್ಣನನ್ನು ಬಿಟ್ಟರೆ ಅವನಿಗೆ ಬೇರೆ ಯಾರೂ ಇರಲಿಲ್ಲ. ಒಂದು ದಿನ ಕಿತ್ತ ಹಲಗೆಯ ಮೊಳೆ ಪಿಳ್ಳಣ್ಣನ ಅಂಗೈ ಸೀಳಿತು. ದೊಡ್ಡಮುನಿಯಪ್ಪ ಆ ಹಲಗೆಯನ್ನು ತಂದು ಜಿಯಾವುಲ್ಲಾನ ಕುಲುಮೆಯ ಬೆಂಕಿಗೇ ಎಸೆದ.

"ಸಾಬ್ರೆ, ಮೊಳೆ ಇಲ್ದಂಗೆ ಏನಾರ ಮಾಡ್ಕೊಡಿ. ನನ್ ತಮ್ಮುನ್ ರಕ್ತ ಇನ್ನೊಂದ್ಸಲ ನೋಡಾಕಾಗಕ್ಕಿಲ್ಲ" ಅಂದ.

ಜಿಯಾವುಲ್ಲಾ ಬೆಂಕಿಯಿಂದ ಹಲಗೆ ಎಳೆದು ಹಾಕಿ, ಮೇಸ್ತ್ರಿಯ ಎದೆಗೊಂದು ತಳ್ಳು ಕೊಟ್ಟು ಹೊರಗೆ ನೂಕಿದ. ಆದರೆ ಕೆಲಸ ಹಿಡಿದ. ಕಬ್ಬಿಣದ ಕಂಬ ನಿಲ್ಲಿಸಿ, ಅದರ ಉದ್ದಕ್ಕೂ ಗೇಣಿಗೊಂದು ಕಂಡಿ ಕೊರೆದ. ಹಲಗೆಗೆ ಕಬ್ಬಿಣದ ಚೌಕಟ್ಟು ಕಟ್ಟಿ, ನಾಲ್ಕು ಮೂಲೆಗೂ ಕೊಂಡಿ ಕೂರಿಸಿದ. ಕೊಂಡಿಯನ್ನು ಕಂಡಿಗೆ ಸಿಕ್ಕಿಸಿ, ಸಂದಿನಲ್ಲಿ ಒಂದು ತೆಳ್ಳನೆಯ ಬೆಣೆ ಇಳಿಸಿದರೆ ಮುಗಿಯಿತು. ಬೇಡವೆಂದಾಗ ಕೆಳಗಿನಿಂದ ಬೆಣೆಗೆ ಒಂದೇ ಏಟು. ಬೆಣೆ ಹಾರಿ ಕೊಂಡಿ ಕಳಚಿಕೊಳ್ಳುತ್ತಿತ್ತು. ಅರ್ಧ ದಿನದ ಕೆಲಸ ಬೀಡಿ ಸೇದುವಷ್ಟರಲ್ಲಿ ಆಗತೊಡಗಿತು. ನಾವೆಲ್ಲ ಆ ಹಲಗೆಯ ಮೇಲೆ ಹತ್ತಿ ಕುಣಿದೆವು, ಅಲ್ಲಾಡಲಿಲ್ಲ. ಆವತ್ತು ಜಿಯಾವುಲ್ಲಾ ನಕ್ಕದ್ದನ್ನು ನಾನು ನೋಡಿದೆ.

ಆ ಬೆಣೆಗಳ ವಿಷಯದಲ್ಲಿ ಮಾತ್ರ ಅವನು ರಾಕ್ಷಸನಾಗುತ್ತಿದ್ದ. ಅವನ ಹತ್ತಿರ ಕೆಲಸಕ್ಕಿದ್ದ ವಾಜಿದ್ ಎಂಬವನು ಒಮ್ಮೆ ಬೆಣೆಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿದ. ಜಿಯಾವುಲ್ಲಾ ಕಬ್ಬಿಣ ಉಜ್ಜುವ ಅರ ತೆಗೆದುಕೊಂಡು ಅವನ ಬೆನ್ನ ಮೇಲೆ ಬರೆ ಏಳುವಂತೆ ಬಾರಿಸಿದ. ವಾಜಿದ್ ರಸ್ತೆಗೆ ಓಡಿದರೂ ಬಿಡಲಿಲ್ಲ, ಅಟ್ಟಿಸಿಕೊಂಡು ಹೋಗಿ ಒದ್ದ. ಯಾಕೆ ಅಂತ ಒಂದು ಮಾತು ಹೇಳಿದನೇ? ಇಲ್ಲ. ನಾವೆಲ್ಲ ಗೋಡೌನಿನ ಬಾಗಿಲಲ್ಲಿ ನಿಂತು ತಮಾಷೆ ನೋಡಿದೆವು. ದೊಡ್ಡಮುನಿಯಪ್ಪನೂ ನೋಡಿದ. "ಇವ್ನಿಗೆ ತಲೆ ಕೆಟ್ಟೈತೆ" ಅಂದ.

ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಒಂದು ವರ್ಷ ಆಯುಧಪೂಜೆ ಬಂತು. ದೊಡ್ಡಮುನಿಯಪ್ಪನಿಗೆ ಆ ರ‍್ಯಾಕುಗಳ ಮೇಲೆ ಎಲ್ಲಿಲ್ಲದ ಅಕ್ಕರೆ. ಗೋಡೌನು ತೊಳೆಸಿ, ಹಾರೆ, ಕೊಕ್ಕೆ, ತಕ್ಕಡಿ ಎಲ್ಲವನ್ನೂ ಉಜ್ಜಿಸಿ, ಕಬ್ಬಿಣ ಎಂದು ಕಂಡದ್ದಕ್ಕೆಲ್ಲ ಹರಳೆಣ್ಣೆ ಸವರಿ, ಕುಂಕುಮ ಇಟ್ಟು, ಬೂದಗುಂಬಳ ಒಡೆದ. ಸಾಬರು ಮಾಡಿಕೊಟ್ಟ ಕೊಂಡಿಗಳಿಗೆ ತಾನೇ ಏಣಿ ಹತ್ತಿ ಪೂಜೆ ಮಾಡಿದ. ಜಿಯಾವುಲ್ಲಾನ ಮನೆಗೆ ಪುರಿ, ಬಾಳೆಹಣ್ಣು ಕಳಿಸಿದ. ಯಾರಿಗೂ ಏನೂ ತಪ್ಪು ಕಾಣಲಿಲ್ಲ.

ಹಬ್ಬ ಮುಗಿದ ಮೇಲೆ ಮೊದಲ ಕೆಲಸದ ದಿನ ಲಾರಿಯ ಸ್ಪ್ರಿಂಗ್ ಪಟ್ಟಿಗಳು ಬಂದವು. ಗೋಡೆಗೆ ಒತ್ತಿ ನಿಂತಿದ್ದ ರ‍್ಯಾಕಿನ ಸೊಂಟದೆತ್ತರದ ಹಲಗೆಗೆ ಅಷ್ಟನ್ನೂ ಏರಿಸಿದೆವು. ಪಿಳ್ಳಣ್ಣ ಅದರ ಕೆಳಗೆ ಕೂತು ಬೋಲ್ಟು ಆರಿಸುತ್ತಿದ್ದ. ಹೊರಗೆ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ಗುದ್ದಿ ನೆಲ ಅದುರಿತು. ದಿನವೂ ಅದುರುವ ನೆಲವೇ ಅದು. ಆವತ್ತು ಮುಂದಿನ ಎರಡು ಬೆಣೆಗಳು ಮೇಲಕ್ಕೆ ಜಾರಿ ಉದುರಿದವು. ಹಲಗೆಯ ಮುಂಭಾಗ ಕುಸಿಯಿತು, ಪಟ್ಟಿಗಳು ಸುರಿದವು, ಚೌಕಟ್ಟಿನ ಅಂಚು ಪಿಳ್ಳಣ್ಣನ ಎದೆಯ ಮೇಲೆ ಕೂತಿತು. ಅವನ ಬಾಯಿಂದ ರಕ್ತ ಬಂತು. ಕಿರುಚಲು ಉಸಿರಿರಲಿಲ್ಲ.

ಎತ್ತಲು ಹೋದೆವು. ಹಲಗೆಯ ಹಿಂಭಾಗ ಇನ್ನೂ ಕಂಬಗಳಿಗೆ ಕಚ್ಚಿಕೊಂಡಿತ್ತು. ಮುಂಭಾಗ ಎತ್ತಿದರೆ ಕಂಬಗಳೇ ನಮ್ಮ ಕಡೆಗೆ ವಾಲುತ್ತಿದ್ದವು. ಅವು ಬಿದ್ದರೆ ಉಳಿದ ಮಾಲೆಲ್ಲ ಪಿಳ್ಳಣ್ಣನ ಮೇಲೆ. ಅಷ್ಟರಲ್ಲಿ ಸದ್ದು ಕೇಳಿ ಜಿಯಾವುಲ್ಲಾ ಓಡಿ ಬಂದ.

ದೊಡ್ಡಮುನಿಯಪ್ಪ ಅವನನ್ನು ನೋಡಿದ್ದೇ ತಡ, ಕುತ್ತಿಗೆ ಹಿಡಿದು ಎಳೆದ. ನಮ್ಮವರು ಸುತ್ತ ಮುತ್ತಿಕೊಂಡರು. ಒದ್ದರು, ಕೊಕ್ಕೆಯ ಹಿಡಿಯಿಂದ ಚಚ್ಚಿದರು. ನಮ್ಮ ಜೊತೆ ಮಾಲು ಹೊರುತ್ತಿದ್ದ ಖಾದರ್ ಬಾಷಾ ಕೂಡ ಹೊಡೆದ, ಉಳಿದವರೂ ಹೊಡೆದರು. ಜಾತಿ ನೋಡಿ ಹೊಡೆದ ಏಟಲ್ಲ ಅದು. ಬಿಡಿಸಲು ಹೋದ ನನ್ನ ಬಾಯಿಗೆ ಯಾರದೋ ಮೊಣಕೈ ಬಡಿದು ಹಲ್ಲು ಅಲ್ಲಾಡಿತು. ಜಿಯಾವುಲ್ಲಾನೂ ಸುಮ್ಮನಿರಲಿಲ್ಲ, ಒಬ್ಬನ ಕಿವಿ ಹರಿಯುವಂತೆ ಕಚ್ಚಿದ. ಕೊನೆಗೆ ದೊಡ್ಡಮುನಿಯಪ್ಪ ಅವನ ಬಲಗೈಯನ್ನು ಕಂಬಕ್ಕೆ ಒತ್ತಿ ಹಿಡಿದು, ಸುತ್ತಿಗೆ ಎತ್ತಿದ.

"ಈ ಕೈನಾಗೆ ತಾನೆ ಮಾಡಿದ್ದು" ಅಂದು ಹೊಡೆದ. ಬೆರಳು ಮುರಿದ ಸದ್ದು ನನಗೆ ಕೇಳಿಸಿತು.

ಜಿಯಾವುಲ್ಲಾ ಓಡಿಹೋಗುತ್ತಾನೆಂದುಕೊಂಡೆ. ಅವನು ಕೈಯನ್ನು ಎದೆಗವಚಿಕೊಂಡು ಪಿಳ್ಳಣ್ಣನ ಪಕ್ಕಕ್ಕೆ ತೆವಳಿದ. ನೆಲಕ್ಕೆ ಬಿದ್ದಿದ್ದ ಬೆಣೆಯನ್ನು ಎಡಗೈಯಿಂದ ಎತ್ತಿ ಮೂಸಿದ. ಆಮೇಲೆ ಹಲಗೆಯ ಅಡಿಯಿಂದ ಕೈ ಚಾಚಿ ಹಿಂದಿನ ಬೆಣೆ ಮುಟ್ಟಿದ. ಅದು ಒಣಗಿತ್ತು. ಗೋಡೆ ಅಡ್ಡ ಇದ್ದುದರಿಂದ ಅಲ್ಲಿಗೆ ಯಾರ ಕೈಯೂ ಹೋಗಿರಲಿಲ್ಲ.

"ಬೆಣೆಗೆ ಎಣ್ಣೆ ಯಾರು ಹಚ್ಚಿದ್ದು?" ಅಂತ ಕೇಳಿದ.

"ನಾನೇಯ" ಅಂದ ದೊಡ್ಡಮುನಿಯಪ್ಪ. "ಅಬ್ಬದ್ ದಿನ ಅಲ್ವಾ. ಕಬ್ಣಕ್ಕೆ ಎಣ್ಣೆ ಅಚ್ದಲೆ ಎಂಗೆ ಪೂಜೆ ಮಾಡ್ಲಿ." ಮಾತು ಮುಗಿಯುವುದರೊಳಗೆ ಅವನಿಗೇ ಅರ್ಥವಾಯಿತು. ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು. ಅವನ ಮುಖ ನೋಡಲಾಗಲಿಲ್ಲ.

"ನಿನ್ನ ಆಮೇಲೆ ಸಾಯಿಸ್ತೀನಿ" ಅಂದ ಜಿಯಾವುಲ್ಲಾ. "ಈಗ ಒಳಗೆ ಬಾ. ಹಿಂದಿನ ಕೊಂಡಿ ಬಿಡಿಸ್ಬೇಕು. ನನ್ನ ಕೈಲಿ ಆಗಲ್ಲ, ಮುರಿದಿದೀಯ. ಉಳಿದವರು ಹಲಗೆ ಹಿಡ್ಕೊಳ್ಳಿ. ಕೊಂಡಿ ಬಿಟ್ಟ ತಕ್ಷಣ ಪಕ್ಕಕ್ಕೆ ಎಳೀರಿ."

ದೊಡ್ಡಮುನಿಯಪ್ಪ ತಮ್ಮನ ರಕ್ತದ ಮೇಲೆಯೇ ಹೊಟ್ಟೆ ಎಳೆದುಕೊಂಡು ಒಳಗೆ ಹೋದ. ಆ ಸಂದಿಯಲ್ಲಿ ಕೈ ಬೀಸಲು ಮೊಳದಷ್ಟೂ ಜಾಗ ಇರಲಿಲ್ಲ. ಸೊಟ್ಟ ಏಟು ಬಿದ್ದರೆ ಬೆಣೆ ಬಾಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಪಿಳ್ಳಣ್ಣನ ಆಸೆ ಬಿಡಬೇಕು. ಅಳುತ್ತಲೇ ಅವನು ಸುತ್ತಿಗೆಯನ್ನು ಓರೆಯಾಗಿ ಎತ್ತಿದ. ಜಿಯಾವುಲ್ಲಾ ತನ್ನ ಎಡಗೈಯಿಂದ ಆ ಮಣಿಕಟ್ಟು ಹಿಡಿದು ನೇರ ಮಾಡಿದ.

"ಅಳಬೇಡ. ನನ್ನ ಕೈಗೆ ಹೊಡೆದ್ಯಲ್ಲ, ಹಾಗೇ ಹೊಡಿ" ಅಂದ.

ಒಂದೇಟು. ಬೆಣೆ ಹಾರಿತು. ಇನ್ನೊಂದಕ್ಕೆ ಒಂದೇಟು. ನಾವು ಹಲಗೆ ಎಳೆದು ಪಕ್ಕಕ್ಕೆ ಒಗೆದೆವು. ಪಿಳ್ಳಣ್ಣನನ್ನು ಲಾರಿಯಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಪಕ್ಕೆಲುಬು ಮುರಿದಿದ್ದವು, ಆದರೆ ಜೀವ ಉಳಿಯಿತು. ಜಿಯಾವುಲ್ಲಾನಿಗೂ ಅದೇ ಲಾರಿ. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದ.

ಜಿಯಾವುಲ್ಲಾನ ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೂ ಬೆರಳು ಮಡಚಲಿಲ್ಲ. ಅದು ಗೊತ್ತಾದ ದಿನ ದೊಡ್ಡಮುನಿಯಪ್ಪ ಕುಲುಮೆಗೆ ಬಂದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ಬಲಗೈಯನ್ನು ಅದರ ಮೇಲಿಟ್ಟ.

"ಆಮೇಲೆ ಅಂದಿದ್ರಲ್ಲ ಸಾಬ್ರೆ. ಬಂದಿವ್ನಿ" ಅಂದ.

ಜಿಯಾವುಲ್ಲಾ ಬಲಗೈಯಿಂದ ಸುತ್ತಿಗೆ ಎತ್ತಿದ. ಅದು ಜಾರಿ ಬಿತ್ತು. ಎಡಗೈಯಿಂದ ಎತ್ತಿದ. ಅಕ್ಬರಿ ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿಯ ಹಿಂದೆಯೇ ಬಂದ ನಾನೂ ಅಲ್ಲೇ ಇದ್ದೆ. ಹೊಡೆಯುವವನೇ ಅವನು, ನನಗೆ ಗೊತ್ತು. ಆ ದಪ್ಪ ಕೈಯನ್ನು ಅವನು ನೋಡುತ್ತಲೇ ನಿಂತ. ಕೊನೆಗೆ ಸುತ್ತಿಗೆಯನ್ನು ಗೋಡೆಗೆ ಎಸೆದು, ಮೇಸ್ತ್ರಿಯ ಕೆನ್ನೆಗೆ ಎಡಗೈಯಿಂದ ಬಾರಿಸಿದ. ತುಟಿ ಒಡೆಯಿತು.

"ಈ ಕೈನೂ ಹೋದ್ರೆ ಸಮ್ಮಟಿಗೆ ಯಾರು ಎತ್ತೋದು, ನಿಮ್ಮಪ್ಪನಾ? ಏಳು, ಎತ್ಕೊ." ಗಾಳಿ ಊದುವ ತಿದಿಯ ಕಡೆಗೆ ತಿರುಗಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದ. "ಬೆಣೆ ಒಣಗಿದ್ರೆ ಮಾತ್ರ ಕಚ್ಕೊಳ್ಳೋದು. ಎಣ್ಣೆ ಬಿದ್ರೆ, ನೆಲ ಅದುರಿದಾಗ ಜಾರ್ತದೆ. ಇದನ್ನ ಅವತ್ತು ವಾಜಿದ್‌ಗೆ ಹೊಡೆಯೋ ಬದ್ಲು ಬಾಯಲ್ಲಿ ಹೇಳ್ಬೇಕಿತ್ತು ನಾನು."

ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಮೊದಲ ಸಲ ಕೇಳಿದ್ದು. ದೊಡ್ಡಮುನಿಯಪ್ಪ ಮತ್ತೆ ಮಾಲು ಹೊರಲು ಬರಲಿಲ್ಲ. ಆವತ್ತು ಎತ್ತಿದ ಸಮ್ಮಟಿಗೆಯನ್ನು, ಆ ದೊಡ್ಡ ಸುತ್ತಿಗೆಯನ್ನು, ಹಿಡಿದು ಕುಲುಮೆಯಲ್ಲೇ ಕೆಲಸಕ್ಕೆ ನಿಂತುಬಿಟ್ಟ. ದಿನವೂ ಜಗಳ, ವಾರಕ್ಕೊಮ್ಮೆ ಕೈ ಕೈ ಮಿಲಾಯಿಸುವುದೂ ಇತ್ತು.

ಮುಂದಿನ ಆಯುಧಪೂಜೆಗೆ ನಾನು ಕುಲುಮೆಗೆ ಹೋಗಿದ್ದೆ. ದೊಡ್ಡಮುನಿಯಪ್ಪ ಬೆಣೆಗಳನ್ನೆಲ್ಲ ಒಣ ಬೂದಿಯಲ್ಲಿ ತಿಕ್ಕಿ ಬೇರೆ ಇಟ್ಟಿದ್ದ. ಇಕ್ಕಳ, ಅಡಿಗಲ್ಲು, ಸಮ್ಮಟಿಗೆಗೆ ಎಣ್ಣೆ ಸವರಿ ಕುಂಕುಮ ಇಟ್ಟ. ಬಟ್ಟಲಲ್ಲಿ ಇನ್ನೂ ಒಂದಿಷ್ಟು ಹರಳೆಣ್ಣೆ ಉಳಿದಿತ್ತು. ಅದನ್ನು ಹಿಡಿದು ಜಿಯಾವುಲ್ಲಾನ ಮುಂದೆ ಕೂತು, ಅವನ ಬಲಗೈ ಎಳೆದುಕೊಂಡು, ಮಡಚದ ಆ ಮೂರು ಬೆರಳಿಗೆ ನಿಧಾನವಾಗಿ ಎಣ್ಣೆ ತಿಕ್ಕತೊಡಗಿದ. ಜಿಯಾವುಲ್ಲಾ ಬಾಯಿಗೆ ಬಂದಂತೆ ಬೈದ. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.